ಕಜಾನಿನಲ್ಲಿ ಓದುವವರಿಗೆ: ಎಲ್ಲಿ ಉಣ್ಣೋದು, ಎಲ್ಲಿ ಕೂರೋದು

ಕಜಾನಿಗೆ ಓದಲು ಹೊರಟವರು, ಅವರ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಎರಡೇ. ಇಂಡಿಯನ್ ಮೆಸ್ ಹಿಡಿಯೋದಾ, ಹಾಸ್ಟೆಲಿನಲ್ಲೇ ಬೇಯಿಸಿಕೊಳ್ಳೋದಾ, ಇಲ್ಲಾ ಕ್ಯಾಂಟೀನಿನಲ್ಲೇ ಹೇಗೋ ಆಗಿಹೋಗುತ್ತಾ? ಇದು ಮೊದಲನೆಯದು. ಓದಿ ಓದಿ ತಲೆ ಬಿಸಿಯಾದಾಗ ಹೋಗಿ ಕೂರೋದಕ್ಕೆ ಜಾಗ ಯಾವುದು? ಇದು ಎರಡನೆಯದು. ಕೆಲವರಿಗೆ ಮೂರು ಆಯ್ಕೆ ಮುಂದಿರುತ್ತವೆ, ಕೆಲವರಿಗೆ ಆರು. ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಹಾಗಾಗಿ ಒಂದೊಂದನ್ನೂ ಅಳೆದು ನೋಡೋಣ.

ಗೊತ್ತಿಲ್ಲದವರಿಗೆ ಎರಡು ಮಾತು. ಕಜಾನ್ ರಷ್ಯಾದ ತತಾರ್‌ಸ್ತಾನ ಗಣರಾಜ್ಯದ ರಾಜಧಾನಿ, ವೋಲ್ಗಾ ದಡದಲ್ಲಿದೆ. ಜನ ಸುಮಾರು 13 ಲಕ್ಷ. ವಿಶ್ವವಿದ್ಯಾಲಯ ಶುರುವಾಗಿದ್ದು 1804ರಲ್ಲಿ, ವೈದ್ಯಕೀಯದ ಪಾಠ 1814ರಲ್ಲಿ. ಭಾರತದ ವಿದ್ಯಾರ್ಥಿಗಳು, ಅದರಲ್ಲೂ ಎಂಬಿಬಿಎಸ್ ಓದುವವರು, ಇಲ್ಲಿ ಜಾಸ್ತಿ. 2024ರಲ್ಲಿ ಬ್ರಿಕ್ಸ್ ಶೃಂಗಸಭೆ ನಡೆದದ್ದೂ ಇದೇ ಊರಲ್ಲಿ.

ನಾನು ಹೇಳಬೇಕಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಜಾನಿನಲ್ಲಿ ಅಗ್ಗಕ್ಕೆ ಊಟ ಸಿಗುವ ಜಾಗದಲ್ಲಿ ಹೊತ್ತು ಕಳೆಯೋದಕ್ಕೆ ಆಗಲ್ಲ. ಹೊತ್ತು ಕಳೆಯಬಹುದಾದ ಜಾಗದಲ್ಲಿ ಊಟ ಅಗ್ಗಕ್ಕೆ ಸಿಗಲ್ಲ. ನಮ್ಮವರು ಎರಡನ್ನೂ ಒಂದೇ ಜಾಗದಲ್ಲಿ ಹುಡುಕುತ್ತಾರೆ. ಕೊನೆಗೆ ಕಾಫಿ ಅಂಗಡಿಯಲ್ಲಿ ದುಡ್ಡು ಸುರಿಯುತ್ತಾರೆ, ಇಲ್ಲಾ ಹಾಸ್ಟೆಲ್ ಕೋಣೆ ಬಿಟ್ಟು ಏಳೋದೇ ಇಲ್ಲ. ಉಣ್ಣುವ ಜಾಗ ಬೇರೆ, ಕೂರುವ ಜಾಗ ಬೇರೆ ಅಂತ ಮೊದಲ ತಿಂಗಳಲ್ಲೇ ಇಟ್ಟುಕೊಂಡರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಮೊದಲು ನಿಮ್ಮ ಲೆಕ್ಕ

ಯಾವ ಜಾಗ ಒಳ್ಳೆಯದು ಅಂತ ಕೇಳುವ ಮುಂಚೆ ಐದು ವಿಷಯ ನೋಡಿಕೊಳ್ಳಿ.

ಮೊದಲನೆಯದು, ಊಟದಲ್ಲಿ ನೀವು ಬಿಟ್ಟುಕೊಡದೆ ಇರುವುದು ಏನು? ಮೊಟ್ಟೆ ಆಗುತ್ತಾ? ಮಾಂಸ ಬೇಯಿಸಿದ ನೀರಿನ ಸೂಪ್ ಆಗುತ್ತಾ? ದನದ ಮಾಂಸ ಬೇಡವಾ? ಹಂದಿ ಬೇಡವಾ? ಹಲಾಲ್ ಬೇಕಾ? ಇದನ್ನು ಊರಲ್ಲಿ ಇದ್ದಾಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡು ಬನ್ನಿ. ಹಸಿದು ತಟ್ಟೆ ಹಿಡಿದು ನಿಂತಾಗ ಯೋಚನೆ ಮಾಡೋದಕ್ಕೆ ಆಗಲ್ಲ.

ಎರಡನೆಯದು ದೂರ. ಬೇಸಿಗೆಯಲ್ಲಿ ಹದಿನೈದು ನಿಮಿಷದ ನಡಿಗೆ ಏನೂ ಅಲ್ಲ. ಜನವರಿಯಲ್ಲಿ ಮೈನಸ್ 20 ಇದ್ದಾಗ, ಫುಟ್‌ಪಾತಿನ ಮೇಲೆ ಮಂಜು ಗಟ್ಟಿಯಾಗಿ ಜಾರುವಾಗ, ಅದೇ ಹದಿನೈದು ನಿಮಿಷ ನಿಮ್ಮನ್ನು ಕೋಣೆಯಲ್ಲೇ ಕೂರಿಸುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಸಂಜೆಯ ತರಗತಿ ಮುಗಿಸಿ ಹೊರಗೆ ಬಂದರೆ ಆಗಲೇ ರಾತ್ರಿ. ಮೆಟ್ರೋ ಇದೆ, 2005ರಿಂದ ಓಡುತ್ತಿದೆ. ಆದರೆ ಅದು ಊರಿನ ಎಲ್ಲ ಮೂಲೆಗೂ ಹೋಗಲ್ಲ. 2013ರ ಯೂನಿವರ್ಸಿಯಾಡ್ ಕ್ರೀಡಾಕೂಟಕ್ಕೆ ಕಟ್ಟಿದ ಕ್ರೀಡಾಗ್ರಾಮ ಈಗ ವಿದ್ಯಾರ್ಥಿಗಳ ಹಾಸ್ಟೆಲ್. ಅಲ್ಲಿ ಇರುವವರಿಗೆ ಊರಿನ ನಡುಭಾಗ ದೂರ. ಬುತ್ಲೆರೊವ್ ಬೀದಿಯ ವೈದ್ಯಕೀಯ ವಿಶ್ವವಿದ್ಯಾಲಯದ ಹತ್ತಿರ ಇರುವವರಿಗೆ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲೇ.

ಮೂರನೆಯದು ಸಮಯ. ಮೊದಲ ಎರಡು ವರ್ಷ ತರಗತಿಗಳು ಹೆಚ್ಚಾಗಿ ವಿಶ್ವವಿದ್ಯಾಲಯದ ಕಟ್ಟಡಗಳಲ್ಲೇ ಇರುತ್ತವೆ. ಆಮೇಲೆ ಬೇರೆ ಬೇರೆ ಆಸ್ಪತ್ರೆಗಳಿಗೆ ಓಡಾಟ ಶುರು. ಮೊದಲ ವರ್ಷ ಸರಿಹೋದ ಊಟದ ವ್ಯವಸ್ಥೆ ಮೂರನೇ ವರ್ಷ ಸರಿಹೋಗದೆ ಇರಬಹುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನಾಲ್ಕನೆಯದು ದುಡ್ಡು ಕೊಡುವ ದಾರಿ. ಭಾರತದ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಿಂದ ರಷ್ಯಾದಲ್ಲಿ ನಡೆಯುತ್ತಿಲ್ಲ. ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆದು ರಷ್ಯಾದ್ದೇ ಆದ ಮೀರ್ ಕಾರ್ಡ್ ಪಡೆಯುವ ತನಕ ನಗದೇ ಗತಿ. ಕಾರ್ಡ್ ಬಂದ ಮೇಲೂ ಸ್ವಲ್ಪ ನಗದು ಜೇಬಿನಲ್ಲಿರಲಿ.

ಐದನೆಯದು, ಅಲ್ಲಿ ಎಷ್ಟು ಹೊತ್ತು ಕೂರಬಹುದು. ಊಟವಾದ ಮೇಲೆ ಪುಸ್ತಕ ತೆಗೆದರೆ ಏಳು ಅನ್ನುತ್ತಾರಾ, ಸುಮ್ನೆ ಬಿಡುತ್ತಾರಾ? ಸಾರ್ವಜನಿಕ ವೈಫೈಗೆ ಸೇರಬೇಕಾದರೆ ಸಾಮಾನ್ಯವಾಗಿ ರಷ್ಯಾದ ಮೊಬೈಲ್ ಸಂಖ್ಯೆ ಕೇಳುತ್ತದೆ, ಇದನ್ನೂ ನೆನಪಿಡಿ.

ಹಾಸ್ಟೆಲ್ ಅಡುಗೆಮನೆ

ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಮಹಡಿಗೆ ಒಂದು ಅಡುಗೆಮನೆ, ನಾಲ್ಕಾರು ಕರೆಂಟ್ ಒಲೆ, ಸಂಜೆ ಏಳರಿಂದ ಒಂಬತ್ತರ ತನಕ ಸಾಲು. ತೆಗೆದುಕೊಳ್ಳುವ ಬೆಲೆ ದುಡ್ಡಲ್ಲ, ಸಮಯ. ಅಡುಗೆ, ಪಾತ್ರೆ, ಸಾಮಾನು ತರೋದು ಎಲ್ಲ ಸೇರಿ ದಿನಕ್ಕೆ ಒಂದೂವರೆ ಗಂಟೆ ಹೋಗುತ್ತದೆ. ಮೂರು-ನಾಲ್ಕು ಜನ ಸೇರಿ ಪಾಳಿ ಹಾಕಿಕೊಂಡರೆ ಈ ಹೊರೆ ಕಡಿಮೆ. ಒಬ್ಬರೇ ಮಾಡಿಕೊಳ್ಳುತ್ತೇನೆ ಅಂದರೆ ಪರೀಕ್ಷೆ ಹತ್ತಿರ ಬಂದಾಗ ಬ್ರೆಡ್ಡು, ನೂಡಲ್ಸಿಗೆ ಬಂದು ನಿಲ್ಲುತ್ತದೆ.

ಸಾಮಾನಿನ ವಿಷಯದಲ್ಲಿ ಕನ್ನಡದವರಿಗೆ ಸಮಾಧಾನದ ಸುದ್ದಿ ಇದೆ. ರವೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅದನ್ನು ಮಾನ್ಕಾ ಅಂತಾರೆ. ರಷ್ಯನ್ನರು ಅದರಲ್ಲಿ ಹಾಲಿನ ಗಂಜಿ ಮಾಡುತ್ತಾರೆ. ನಮ್ಮ ಉಪ್ಪಿಟ್ಟಿಗೆ ಅದು ಸ್ವಲ್ಪ ನಯ. ಚೆನ್ನಾಗಿ ಹುರಿದು, ನೀರು ಕಡಿಮೆ ಹಾಕಿದರೆ ಮುದ್ದೆಯಾಗದೆ ಉದುರಾಗಿಯೇ ಬರುತ್ತದೆ. ಗ್ರೆಚ್ಕಾ (ಬಕ್‌ವೀಟ್) ಅನ್ನುವ ಕಂದು ಕಾಳೂ ಸಿಗುತ್ತದೆ, ಅದಕ್ಕೂ ಇದೇ ಒಗ್ಗರಣೆ ಒಪ್ಪುತ್ತದೆ. ತೊಗರಿಬೇಳೆ ಮೂಲೆ ಅಂಗಡಿಯಲ್ಲಿ ಸಿಗಲ್ಲ. ಕೆಂಪು ಬೇಳೆ, ಒಡೆದ ಬಟಾಣಿ, ಕಾಬೂಲ್ ಕಡಲೆ ಸಿಗುತ್ತವೆ. ಸಾರಿಗೆ ಕೆಂಪು ಬೇಳೆ ಸಾಕು. ಮೊಸರನ್ನಕ್ಕೆ ಅಲ್ಲಿನ ತತಾರ್ ಜನರ ಕತಿಕ್ ತನ್ನಿ. ಅದು ಹೆಪ್ಪು ಹಾಕಿದ ಗಟ್ಟಿ ಮೊಸರು. ಕೆಫೀರ್ ತಂದರೆ ಮಜ್ಜಿಗೆಯಂತೆ ನೀರಾಗುತ್ತದೆ, ಹುಳಿಯೂ ಬೇರೆ. ಭಾರತದ ಮಸಾಲೆ ಪುಡಿ, ಬಾಸುಮತಿ ಅಕ್ಕಿಯನ್ನು ಒಜೋನ್, ವೈಲ್ಡ್‌ಬೆರೀಸ್ ಅನ್ನುವ ಆನ್‌ಲೈನ್ ಅಂಗಡಿಗಳಲ್ಲಿ ತರಿಸಿಕೊಳ್ಳಬಹುದು. ಅವುಗಳ ಪಾರ್ಸೆಲ್ ಕೇಂದ್ರಗಳು ಬೀದಿಗೊಂದು ಇವೆ. ಕರಿಬೇವು ಮಾತ್ರ ಒಣಗಿಸಿ ಊರಿಂದಲೇ ತನ್ನಿ. ರಾಗಿ ಹಿಟ್ಟೂ ಅಷ್ಟೇ.

ಕುಕ್ಕರ್ ತರುವುದಾದರೆ ಇಂಡಕ್ಷನ್ ಒಲೆಗೂ ಆಗುವ ಸಪಾಟು ತಳದ್ದು ತನ್ನಿ. ಕೋಣೆಯೊಳಗೆ ಒಲೆ, ಹೀಟರ್ ಇಟ್ಟುಕೊಳ್ಳುವುದನ್ನು ಹಲವು ಹಾಸ್ಟೆಲುಗಳು ಬಿಡುವುದಿಲ್ಲ. ಅಡುಗೆಮನೆಯಲ್ಲೇ ಬೇಯಿಸಬೇಕು.

ಈರುಳ್ಳಿ-ಬೆಳ್ಳುಳ್ಳಿಯನ್ನೂ ತಿನ್ನದವರಿಗೆ, ಮೊಟ್ಟೆ ತಗುಲಿದ್ದೂ ಬೇಡ ಅನ್ನುವವರಿಗೆ, ನೇರವಾಗಿ ಹೇಳುತ್ತೇನೆ: ನಿಮಗೆ ಇದೊಂದೇ ನಂಬಿಕೆಯ ದಾರಿ. ಉಳಿದದ್ದೆಲ್ಲ ಅಪರೂಪಕ್ಕೆ.

ಇಂಡಿಯನ್ ಮೆಸ್

ತಿಂಗಳ ದುಡ್ಡು ಕಟ್ಟಿದರೆ ಎರಡು ಹೊತ್ತು ಅನ್ನ, ಬೇಳೆ, ಚಪಾತಿ, ಪಲ್ಯ. ಅಡುಗೆ ಗೊತ್ತಿಲ್ಲದ ಹದಿನೆಂಟು ವರ್ಷದ ಹುಡುಗ ಹುಡುಗಿಯರಿಗೆ ಮೊದಲ ವರ್ಷ ಇದು ನಿಜಕ್ಕೂ ಆಸರೆ. ಮನೆ ನೆನಪಾದಾಗ ಬಿಸಿ ಅನ್ನ ಸಾರು ಮಾಡುವ ಕೆಲಸವನ್ನು ಬೇರೆ ಯಾವ ಊಟವೂ ಮಾಡಲ್ಲ. ಅಪ್ಪ-ಅಮ್ಮನಿಗೂ ಧೈರ್ಯ.

ಆದರೆ ರುಚಿ ಯಾರು ನಡೆಸುತ್ತಾರೋ ಅವರ ಊರಿನದು. ಉತ್ತರದವರು ನಡೆಸಿದರೆ ರಾಜ್ಮಾ, ಆಲೂ. ಕೇರಳದವರಾದರೆ ಅನ್ನ, ಮೀನು. ನಮ್ಮ ಹುಳಿ, ಗೊಜ್ಜು ಸಿಗುತ್ತದೆ ಅಂತ ಎಣಿಸಬೇಡಿ. ನಾನಿದ್ದಾಗ ಒಂದು ಮೆಸ್ಸಿನವರು ವರ್ಷದ ದುಡ್ಡನ್ನು ಮುಂಗಡ ಕಟ್ಟಿಸಿಕೊಂಡು, ಚಳಿಗಾಲ ಕಳೆಯುವ ಹೊತ್ತಿಗೆ ವಾರವಿಡೀ ಒಂದೇ ಆಲೂಗಡ್ಡೆ ಸಾರಿಗೆ ಇಳಿದರು. ಕೇಳಿದರೆ ಸಾಮಾನಿನ ಬೆಲೆ ಏರಿದೆ ಅನ್ನುವ ಉತ್ತರ. ಬಿಟ್ಟು ಹೋಗೋಣ ಅಂದರೆ ದುಡ್ಡು ವಾಪಸ್ಸಿಲ್ಲ. ಹಾಗಾಗಿ ತಿಂಗಳಿಗೆ ಮಾತ್ರ ಕಟ್ಟಿ. ಕಟ್ಟುವ ಮುಂಚೆ ಎರಡು ಮೂರು ದಿನ ಬಿಡಿ ದುಡ್ಡು ಕೊಟ್ಟು ತಿಂದು ನೋಡಿ. ರಜೆಗೆ ಊರಿಗೆ ಹೋದ ದಿನಗಳ ಲೆಕ್ಕ ಹೇಗೆ, ಸಸ್ಯಾಹಾರದ ಪಾತ್ರೆ ಬೇರೆ ಇದೆಯಾ, ತರಗತಿ ತಡವಾದರೆ ಊಟ ಎತ್ತಿಡುತ್ತಾರಾ ಅನ್ನುವುದನ್ನು ಬಾಯಿಬಿಟ್ಟು ಕೇಳಿ. ಎರಡನೇ ವರ್ಷದವರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ಮೆಸ್ಸಿಗೆ ಸೇರಿಸುವ ಏಜೆಂಟರನ್ನು ಕೇಳಿದರೆ ಗೊತ್ತಾಗಲ್ಲ.

ಇನ್ನೊಂದು ಮಾತು. ಮೆಸ್ಸಿನಲ್ಲಿ ನಿಮಗೆ ರಷ್ಯನ್ ಭಾಷೆಯ ಅಭ್ಯಾಸವೇ ಆಗಲ್ಲ. ಮೂರನೇ ವರ್ಷ ರೋಗಿಯ ಹಾಸಿಗೆಯ ಪಕ್ಕ ನಿಂತು ಮಾತಾಡಬೇಕಾದಾಗ ಇದರ ನಷ್ಟ ತಿಳಿಯುತ್ತದೆ. ವಾರಕ್ಕೆರಡು ಸಲವಾದರೂ ಹೊರಗೆ, ಅಲ್ಲಿನವರ ಜೊತೆ ಉಣ್ಣಿ.

ಸ್ತಲೋವಯಾ, ಅಂದರೆ ಅಲ್ಲಿನ ಕ್ಯಾಂಟೀನು

ವಿಶ್ವವಿದ್ಯಾಲಯದ ಕಟ್ಟಡಗಳಲ್ಲಿ ಸ್ತಲೋವಯಾ ಇರುತ್ತದೆ. ಊರಿನಲ್ಲಿ ‘ದೋಬ್ರಯಾ ಸ್ತಲೋವಯಾ’ ಥರದ ಸರಣಿಗಳೂ ಇವೆ. ತರಗತಿಗಳ ನಡುವೆ ಅರ್ಧ ಗಂಟೆ ಸಿಕ್ಕರೆ ಇದಕ್ಕಿಂತ ಬೇಗ ಬಿಸಿಯೂಟ ಬೇರೆಲ್ಲೂ ಆಗಲ್ಲ. ಖರ್ಚಿನ ಅಂದಾಜಿಗೆ ಹೀಗಿಟ್ಟುಕೊಳ್ಳಿ: ಸ್ತಲೋವಯಾದ ಊಟ ಒಂದು ಪಾಲಾದರೆ, ಕೆಫೆಯ ಬಿಸಿನೆಸ್ ಲಂಚ್ ಒಂದೂವರೆ ಪಾಲು, ಅದೇ ಕೆಫೆಯಲ್ಲಿ ಸಂಜೆಯೂಟ ಮೂರು ಪಾಲು.

ಹೋದವರಿಗೆ ಮೊದಲ ದಿನ ಗಲಿಬಿಲಿಯಾಗುವುದು ಸಾಲಿನಲ್ಲಿ. ಟ್ರೇ ತೆಗೆದುಕೊಂಡು ಕಂಬಿಯ ಮೇಲೆ ಜಾರಿಸುತ್ತ ಹೋಗಬೇಕು. ಮೊದಲು ಸಲಾಡ್ ಬಟ್ಟಲುಗಳು, ಆಮೇಲೆ ಸೂಪು, ಆಮೇಲೆ ಮಾಂಸದ ತಿನಿಸು, ಅದರ ಪಕ್ಕ ಗಾರ್ನಿರ್. ಗಾರ್ನಿರ್ ಅಂದರೆ ಅನ್ನ, ಗ್ರೆಚ್ಕಾ, ಆಲೂಗಡ್ಡೆ ಪ್ಯೂರೆ. ಬ್ರೆಡ್ಡು ತುಂಡಿನ ಲೆಕ್ಕ. ಕೊನೆಗೆ ಹಣ್ಣು ಕುದಿಸಿದ ಕೊಂಪೋತ್, ಅದರಾಚೆ ಕ್ಯಾಷಿಯರ್. ಬಡಿಸುವ ಅಮ್ಮನ ಕೈ ಬಹಳ ಚುರುಕು. ನೀವು ಪ್ಯೂರೆ ತೋರಿಸುವಷ್ಟರಲ್ಲಿ ಒಂದು ಸೌಟು ಮಾಂಸದ ಗ್ರೇವಿ ಅದರ ಮೇಲೆ ಬಿದ್ದಿರುತ್ತದೆ. ಸಸ್ಯಾಹಾರಿಗಳು ಟ್ರೇ ಇಡುವ ಮುಂಚೆಯೇ ‘ಬೆಜ್ ಪದ್ಲಿವಿ’, ಗ್ರೇವಿ ಬೇಡ, ಅಂತ ಹೇಳಿಬಿಡಬೇಕು. ‘ಬೆಜ್ ಮ್ಯಾಸ’, ಮಾಂಸ ಬೇಡ, ಅಂದರೆ ಮಾತ್ರ ಸಾಲದು. ಕೋಳಿಯನ್ನು ಮಾಂಸದ ಲೆಕ್ಕಕ್ಕೆ ಸೇರಿಸದವರು ಅಲ್ಲಿ ಇದ್ದಾರೆ.

ಕಣ್ಣಿಗೆ ತರಕಾರಿಯಂತೆ ಕಂಡು ಮೋಸ ಮಾಡುವವು ಕೆಲವು. ಬೀಟ್‌ರೂಟ್ ಬಣ್ಣದ ಎರಡು ಸಲಾಡ್ ಪಕ್ಕಪಕ್ಕದಲ್ಲಿ ಇರುತ್ತವೆ. ತುಂಡು ತುಂಡಾಗಿ ಕಲಸಿದ್ದು ವಿನೆಗ್ರೆತ್, ಅದು ಸಾಮಾನ್ಯವಾಗಿ ಬರೀ ತರಕಾರಿ. ಪದರ ಪದರವಾಗಿ ಮೇಲೆ ಮಯೋನೈಸ್ ಬಳಿದದ್ದು ಶೂಬಾ, ಅದರ ಅಡಿಯಲ್ಲಿ ಉಪ್ಪುಮೀನು ಇರುತ್ತದೆ. ಒಲಿವಿಯೆ ಸಲಾಡಿನಲ್ಲಿ ಸಾಸೇಜು. ಬಟಾಣಿ ಸೂಪಿನಲ್ಲಿ ಹೊಗೆ ಹಾಕಿದ ಮಾಂಸ. ಬೋರ್ಶ್ ಬಹುತೇಕ ಮಾಂಸದ ನೀರಿನಲ್ಲೇ ಆಗುವುದು. ಹಾಗಾದರೆ ಉಳಿದದ್ದೇನು? ವಿನೆಗ್ರೆತ್, ಎಲೆಕೋಸಿನ ಸಲಾಡ್, ಗ್ರೆಚ್ಕಾ, ಪ್ಯೂರೆ, ಮೊಟ್ಟೆ ಆಗುವವರಿಗೆ ಆಲೂಗಡ್ಡೆ ತುಂಬಿದ ವರೇನಿಕಿ ಕಡುಬು, ಬ್ಲಿನಿ ದೋಸೆ, ತ್ವೊರೊಗ್ ಅನ್ನುವ ಮೆತ್ತನೆ ಪನೀರಿನ ಸಿರ್ನಿಕಿ. ಹೊಟ್ಟೆ ತುಂಬುತ್ತದೆ. ದಿನವೂ ಅದೇ ಆದರೆ ಬೇಸರ ಬರುತ್ತದೆ, ಅದೂ ನಿಜ.

ಈಸ್ಟರಿಗೆ ಮುಂಚಿನ ಏಳು ವಾರ ಸಸ್ಯಾಹಾರಿಗಳಿಗೆ ಸುಗ್ಗಿ. ಕ್ರೈಸ್ತರ ಉಪವಾಸದ ಕಾಲವದು. ಅನೇಕ ಕ್ಯಾಂಟೀನು, ಕೆಫೆಗಳಲ್ಲಿ ‘ಪೋಸ್ತ್ನೊಯೆ’ ಅಂತ ಬೇರೆ ಪಟ್ಟಿ ಹಾಕುತ್ತಾರೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇರಲ್ಲ. ಬೇಕರಿಯಲ್ಲೂ ಈ ಚೀಟಿ ಅಂಟಿಸಿದ ತಿನಿಸು ವರ್ಷವಿಡೀ ಒಂದೆರಡು ಕಾಣುತ್ತವೆ. ಮೀನಿಲ್ಲ ಅಂತ ಕೇಳಿಕೊಂಡು ತೆಗೆದುಕೊಳ್ಳಿ.

ಮಾಂಸ ತಿನ್ನುವವರು ಕಲಿಯಬೇಕಾದ ಪದ ಐದು: ಗವ್ಯಾದಿನಾ ದನ, ಸ್ವಿನಿನಾ ಹಂದಿ, ಬರಾನಿನಾ ಕುರಿ, ಕೂರಿತ್ಸಾ ಕೋಳಿ, ಕೊನಿನಾ ಕುದುರೆ. ಕಟ್ಲೆಟ್ಟಿನಲ್ಲಿ ದನ-ಹಂದಿ ಬೆರೆಸುವುದು ಅಲ್ಲಿ ಮಾಮೂಲು.

ಕೊರತೆ ಏನಪ್ಪಾ ಅಂದರೆ, ಇಲ್ಲಿ ಕೂರೋದಕ್ಕೆ ಆಗಲ್ಲ. ಮಧ್ಯಾಹ್ನ ಹಿಂದೆ ಟ್ರೇ ಹಿಡಿದವರು ಕಾಯುತ್ತಿರುತ್ತಾರೆ. ವಿಶ್ವವಿದ್ಯಾಲಯದ ಕ್ಯಾಂಟೀನು ಸಂಜೆಗೆ ಮುಚ್ಚುತ್ತದೆ, ಭಾನುವಾರ ಅದರ ಆಸೆ ಬೇಡ.

ತತಾರರ ತಿಂಡಿ

ಕಜಾನಿಗೆ ಬಂದು ಇದನ್ನು ಬಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಮಾಸ್ಕೋದಲ್ಲಿ ಓದುವವರಿಗೆ ಇಷ್ಟು ಸುಲಭವಾಗಿ ಸಿಗದ ಊಟ ಇಲ್ಲಿ ಬೀದಿ ಬೀದಿಯಲ್ಲಿದೆ. ಕಿಸ್ತಿಬಿ ಅಂತ ಒಂದಿದೆ. ತೆಳು ರೊಟ್ಟಿಯನ್ನು ಬಾಣಲೆಯ ಮೇಲೆ ಸುಟ್ಟು, ಬೆಣ್ಣೆ ಸವರಿ, ನಡುವೆ ಬಿಸಿ ಆಲೂಗಡ್ಡೆ ಹರವಿ ಅರ್ಧಕ್ಕೆ ಮಡಿಸಿ ಕೊಡುತ್ತಾರೆ. ಕೈಯಲ್ಲಿ ಹಿಡಿದರೆ ಮಸಾಲೆ ದೋಸೆಯ ತಮ್ಮನಂತೆ ಇರುತ್ತದೆ, ಖಾರವಿಲ್ಲ ಅಷ್ಟೇ. ಜೇಬಿನಲ್ಲಿ ಒಂದು ಚಟ್ನಿಪುಡಿ ಡಬ್ಬಿ ಇದ್ದರೆ ಸಂಜೆ ಊಟ ಮುಗಿಯಿತು. ಮಾಂಸ ಹಾಕಿದ ಬಗೆಯೂ ಇರುವುದರಿಂದ ಕೇಳಿ ತೆಗೆದುಕೊಳ್ಳಿ. ಹಿಟ್ಟಿಗೆ ಮೊಟ್ಟೆ ಹಾಕುವುದೂ ಉಂಟು.

ಎಚ್‌ಪೊಚ್ಮಾಕ್ ಮೂರು ಮೂಲೆಯ ಕಡುಬು. ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ. ಮಾಂಸ ಕುರಿಯದೂ ಆಗಬಹುದು, ದನದ್ದೂ ಆಗಬಹುದು, ಕೇಳಬೇಕು. ಗುಬಾದಿಯಾ ಅನ್ನ, ಒಣಗಿಸಿದ ಪನೀರು, ಮೊಟ್ಟೆ, ದ್ರಾಕ್ಷಿ ಪದರ ಹಾಕಿ ಸುಟ್ಟ ಸಿಹಿ ಕಡುಬು. ಚಕ್-ಚಕ್ ಅನ್ನೋದು ಕರಿದ ಹಿಟ್ಟಿನ ಕಡ್ಡಿಗೆ ಜೇನು ಸುರಿದು ಕಟ್ಟಿದ ಸಿಹಿ. ತತಾರರು ಚಹಾಕ್ಕೆ ಹಾಲು ಹಾಕಿ ಕುಡಿಯುತ್ತಾರೆ. ಕರೀ ಚಹಾ ಒಗ್ಗದ ನಮ್ಮವರಿಗೆ ಇದು ಎಂಥ ನೆಮ್ಮದಿ ಅಂತ ಹೋದ ಮೇಲೆ ಗೊತ್ತಾಗುತ್ತದೆ.

ಎಲ್ಲಿ? ‘ತುಬಾತಾಯ್’ ತತಾರ್ ಫಾಸ್ಟ್‌ಫುಡ್ಡಿನ ಸರಣಿ, ಹಲಾಲ್, ಬೇಗ ಸಿಗುತ್ತದೆ. ‘ಬಾಹೆತ್ಲೆ’ ಕಜಾನಿನದೇ ಸೂಪರ್‌ಮಾರ್ಕೆಟ್. ಅಲ್ಲಿನ ಸಿದ್ಧ ಅಡುಗೆಯ ಕೌಂಟರಿನಲ್ಲಿ ತೂಕಕ್ಕೆ ಸಲಾಡು, ಕಡುಬು, ಪಲ್ಯ ಕೊಂಡು ಹಾಸ್ಟೆಲಿಗೆ ತರಬಹುದು. ಪ್ಯಾತ್ಯೋರೊಚ್ಕಾ, ಮಾಗ್ನಿತ್‌ನಂಥ ಅಂಗಡಿಗಳಿಗಿಂತ ದುಬಾರಿ. ಹಾಗಾಗಿ ದಿನಸಿಗೆ ಅವು, ಸಿದ್ಧ ಊಟಕ್ಕೆ ಇದು. ಬೌಮನ್ ಬೀದಿ ನಡೆದಾಡುವವರಿಗೇ ಬಿಟ್ಟ ಚೆಂದದ ಬೀದಿ. ಆದರೆ ಪ್ರವಾಸಿಗರ ಜಾಗವಾದ್ದರಿಂದ ಪಕ್ಕದ ಬೀದಿಗಿಂತ ಬೆಲೆ ಜಾಸ್ತಿ.

ಹಲಾಲ್ ಬೇಕಾದ ನಮ್ಮ ಮುಸ್ಲಿಂ ವಿದ್ಯಾರ್ಥಿಗಳಿಗೆ ರಷ್ಯಾದಲ್ಲಿ ಇದಕ್ಕಿಂತ ಅನುಕೂಲದ ಊರು ಸಿಗುವುದು ಕಷ್ಟ. ದನದ ಮಾಂಸ ತಿನ್ನದವರಿಗೆ ಲೆಕ್ಕ ತಿರುಗಾಮುರುಗಾ. ಹಲಾಲ್ ಜಾಗದಲ್ಲಿ ಹಂದಿಯ ಭಯವಿಲ್ಲ, ಆದರೆ ದನ, ಕುದುರೆ ಇದ್ದೇ ಇರುತ್ತವೆ.

ಕೆಫೆ, ಚಾಯ್‌ಖಾನಾ, ಹೋಟೆಲು

ವಾರದ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರು-ನಾಲ್ಕರ ತನಕ ಕೆಫೆಗಳು ಬಿಸಿನೆಸ್ ಲಂಚ್ ಕೊಡುತ್ತವೆ. ಸಲಾಡು, ಸೂಪು, ಒಂದು ಮುಖ್ಯ ತಿನಿಸು, ಚಹಾ, ಎಲ್ಲಕ್ಕೂ ಸೇರಿ ಒಂದೇ ಬೆಲೆ. ಒಳ್ಳೆಯ ಜಾಗದ ಊಟವನ್ನು ಕಡಿಮೆಗೆ ಉಣ್ಣುವ ದಾರಿ ಇದು. ಸಂಜೆ ಹೋಗಬೇಡಿ, ಮಧ್ಯಾಹ್ನ ಹೋಗಿ.

ಗೆಳೆಯರು ಸೇರಿ ಹೊರಗೆ ಉಣ್ಣುವುದಾದರೆ ನನ್ನ ಮತ ಜಾರ್ಜಿಯಾದವರ ಹೋಟೆಲಿಗೆ. ಸಸ್ಯಾಹಾರಿಗೂ ಮಾಂಸಾಹಾರಿಗೂ ಒಂದೇ ಮೇಜಿನಲ್ಲಿ ಸಮಾಧಾನವಾಗುವ ಅಡುಗೆ ಅವರದು. ಚೀಸ್ ತುಂಬಿದ ಖಚಾಪುರಿ ರೊಟ್ಟಿ, ಕೆಂಪು ಹುರುಳಿಕಾಯಿ ಬೀಜದ ಲೋಬಿಯೋ, ಅಕ್ರೂಟ್ ಹಾಕಿದ ಬದನೆಕಾಯಿ. ಹಂಚಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಉಜ್ಬೇಕ್ ಚಾಯ್‌ಖಾನಾ ಇದಕ್ಕಿಂತ ಅಗ್ಗ, ಮಾಂಸಾಹಾರಿಗಳಿಗೆ ಪಲಾವಿನಂಥ ಪ್ಲೋವ್, ನೂಡಲ್ಸಿನ ಲಗ್ಮಾನ್ ಚೆನ್ನ. ಸಸ್ಯಾಹಾರಿಗೆ ಕುಂಬಳಕಾಯಿ ಸಮ್ಸಾ, ಒಲೆಯಿಂದ ತೆಗೆದ ರೊಟ್ಟಿ, ಕೆಟಲ್ ಚಹಾ. ಇಂಡಿಯನ್ ಹೋಟೆಲಿಗೆ ಹಬ್ಬ, ಹುಟ್ಟುಹಬ್ಬಕ್ಕೆ ಹೋದರೆ ಸಾಕು. ಖಾರ ಅಲ್ಲಿನವರ ನಾಲಿಗೆಗೆ ಇಳಿಸಿರುತ್ತಾರೆ, ಬೆಲೆ ಇಳಿಸಿರಲ್ಲ.

ಇನ್ನು ಕೂರುವ ಜಾಗ

ಬಿಸಿ ಇರಬೇಕು, ಬೆಳಕಿರಬೇಕು, ದುಡ್ಡು ಕೇಳಬಾರದು. ಈ ಮೂರಕ್ಕೂ ಹೊಂದುವುದು ತತಾರ್‌ಸ್ತಾನದ ನ್ಯಾಷನಲ್ ಲೈಬ್ರರಿ. 2020ರಲ್ಲಿ ಪುಷ್ಕಿನ್ ಬೀದಿಯ ದೊಡ್ಡ ಕಟ್ಟಡಕ್ಕೆ ಬಂತು. ಕಜಾಂಕಾ ನದಿಯ ಕಡೆಗೆ ದೊಡ್ಡ ಕಿಟಕಿಗಳಿವೆ. ಒಳಗೆ ಹೋದ ಕೂಡಲೇ ಕೋಟನ್ನು ಗಾರ್ದೆರೋಬಿನಲ್ಲಿ ಕೊಟ್ಟು ನಂಬರಿನ ಬಿಲ್ಲೆ ತೆಗೆದುಕೊಳ್ಳಬೇಕು. ರಷ್ಯಾದಲ್ಲಿ ಲೈಬ್ರರಿ, ಥಿಯೇಟರ್, ಆಸ್ಪತ್ರೆ ಎಲ್ಲ ಕಡೆ ಇದೇ ಪದ್ಧತಿ. ಹೊರಗಿನ ಭಾರದ ಕೋಟು ಬಿಚ್ಚಿಟ್ಟು ಎತ್ತರದ ಕಿಟಕಿಯ ಪಕ್ಕ ಅನಾಟಮಿ ಪುಸ್ತಕ ತೆರೆದು ಕೂತರೆ ಹಾಸ್ಟೆಲ್ ಕೋಣೆಯ ಉಸಿರುಕಟ್ಟು ಹೋಗುತ್ತದೆ. 1804ರಲ್ಲಿ ಶುರುವಾದದ್ದು ಈಗಿನ ಫೆಡರಲ್ ವಿಶ್ವವಿದ್ಯಾಲಯ, ಅಲ್ಲಿ ಓದುವವರಿಗೆ ಲೊಬಾಚೆವ್ಸ್ಕಿ ಲೈಬ್ರರಿಯೂ ಇದೆ. ಲೊಬಾಚೆವ್ಸ್ಕಿ ಅನ್ನುವ ಗಣಿತಜ್ಞ ಅದೇ ವಿಶ್ವವಿದ್ಯಾಲಯದ ರೆಕ್ಟರ್, ಅಂದರೆ ಮುಖ್ಯಸ್ಥ, ಆಗಿದ್ದವರು.

ಕಾಫಿ ಅಂಗಡಿಯಲ್ಲಿ ಒಂದು ಕಪ್ಪಿನ ಮೇಲೆ ಒಂದೂವರೆ ಗಂಟೆ ಕೂರಬಹುದು, ಯಾರೂ ಏನೂ ಅನ್ನಲ್ಲ. ಆದರೆ ವಾರಕ್ಕೆ ಐದು ಸಲ ಹೋದರೆ ತಿಂಗಳ ಕೊನೆಗೆ ಆ ದುಡ್ಡು ದಿನಸಿಯ ದುಡ್ಡಿಗೆ ಸಮ. ನಾಲ್ಕೈದು ಜನ ಸೇರಿ ಓದುವುದಾದರೆ ಆಂಟಿಕೆಫೆ ಮೇಲು. ಅಲ್ಲಿ ತಿಂಡಿಗಲ್ಲ, ಕೂತ ನಿಮಿಷಗಳಿಗೆ ದುಡ್ಡು. ಚಹಾ, ಬಿಸ್ಕತ್ತು ಅದರಲ್ಲೇ ಸೇರಿರುತ್ತದೆ. ಜೋರಾಗಿ ಪಾಠ ಒಪ್ಪಿಸಿಕೊಳ್ಳಬಹುದು, ಲೈಬ್ರರಿಯಲ್ಲಿ ಅದಾಗಲ್ಲ. ಮಾಲುಗಳ ಬಗ್ಗೆ ಹೆಚ್ಚು ಹೇಳೋದಕ್ಕಿಲ್ಲ. ತುಕಾಯ್ ಚೌಕದ ‘ಕೊಲ್ತ್ಸೊ’ ಮೆಟ್ರೋ ಪಕ್ಕದಲ್ಲೇ ಇದೆ, ವಿಪರೀತ ಚಳಿಯಲ್ಲಿ ಒಳಗೆ ಹೊಕ್ಕು ಬೆಚ್ಚಗಾಗೋದಕ್ಕೆ ಸಾಕು.

ಬಯಲಿನ ವಿಷಯ ಬೇರೆ. ಬೇಸಿಗೆಯಲ್ಲಿ ನಿಜ್ನಿ ಕಬಾನ್ ಸರೋವರದ ದಂಡೆ. ಒಂದು ಕಡೆ ಹಳೆಯ ತತಾರ್ ಬಡಾವಣೆ, ಅದರೊಳಗೆ 18ನೇ ಶತಮಾನದ ಮರ್ಜಾನಿ ಮಸೀದಿ. ಕೂರೋದಕ್ಕೆ ಬೆಂಚು, ನಡೆಯೋದಕ್ಕೆ ಮರದ ಹಾದಿ. ಬುತ್ಲೆರೊವ್ ಬೀದಿಯಿಂದ ನಡೆದೇ ಹೋಗಬಹುದು. ವಿಶ್ವವಿದ್ಯಾಲಯದ ಹಳೆಯ ಕಟ್ಟಡದೆದುರು ಯುವಕ ಲೆನಿನ್ ಪ್ರತಿಮೆಯ ಸುತ್ತ ಗುಂಡಗೆ ಕಟ್ಟೆ ಇದೆ, ವಿದ್ಯಾರ್ಥಿಗಳು ಅದನ್ನು ಸ್ಕವರೋದ್ಕಾ ಅಂತಾರೆ. ತರಗತಿ ನಡುವೆ ಇಪ್ಪತ್ತು ನಿಮಿಷ ಬಿಸಿಲು ಕಾಯಿಸೋದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಊರಿನ ಹಳೆಯ ಕೋಟೆ ಕ್ರೆಮ್ಲಿನ್‌ನ ಅಂಗಳಕ್ಕೂ ಟಿಕೆಟ್ಟಿಲ್ಲ. ಒಳಗಿನ ಮ್ಯೂಸಿಯಮ್ಮುಗಳಿಗೆ ಮಾತ್ರ ಟಿಕೆಟ್ಟು.

ಚಳಿಗಾಲದಲ್ಲಿ ಹೊರಗೆ ಹೋಗುವುದನ್ನು ಪೂರ್ತಿ ನಿಲ್ಲಿಸಿಬಿಡುವವರಿಗೆ ಫೆಬ್ರವರಿ ಹೊತ್ತಿಗೆ ಮನಸ್ಸು ಕುಗ್ಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಭಾನುವಾರ ಹನ್ನೊಂದರಿಂದ ಎರಡರ ಒಳಗೆ, ಬೆಳಕಿರುವಾಗಲೇ, ಒಮ್ಮೆ ಹೊರಡಿ. ಊರ ನಡುವಿನ ಚೋರ್ನೊಯೆ ಓಜೆರೊ ಪಾರ್ಕಿನಲ್ಲಿ ಐಸ್ ಸ್ಕೇಟಿಂಗ್ ಇರುತ್ತದೆ, ಸ್ಕೇಟ್ಸ್ ಬಾಡಿಗೆಗೆ ಸಿಗುತ್ತದೆ. ಕ್ರೀಡಾಗ್ರಾಮದ ಕಡೆಯವರಿಗೆ ಗೋರ್ಕಿನ್ಸ್ಕೊ-ಅಮೆತ್ಯೆವ್ಸ್ಕಿ ಕಾಡು ಹತ್ತಿರ. ಅಲ್ಲಿ ಸ್ಕೀ ದಾರಿ ಇದೆ, ಸುಮ್ನೆ ನಡೆದರೂ ಆಯಿತು. ವಸಂತ ಬಂದಾಗ ಸರೋವರದ ಮಂಜಿನ ಮೇಲೆ ಮಾತ್ರ ಕಾಲಿಡಬೇಡಿ.

ಸಂಜೆಯ ಖರ್ಚಿಗೆ ದುಡ್ಡು ಉಳಿದಿದ್ದರೆ ಮೂಸಾ ಜಲೀಲ್ ಹೆಸರಿನ ಆಪೆರಾ ಥಿಯೇಟರಿನ ಮೇಲಿನ ಸಾಲಿನ ಸೀಟು ತೆಗೆದುಕೊಳ್ಳಿ. ಬ್ಯಾಲೆ ನೋಡೋದಕ್ಕೆ ಭಾಷೆ ಬೇಡ. ಮೇ ತಿಂಗಳ ನುರೇಯೆವ್ ಉತ್ಸವದಲ್ಲಿ ಟಿಕೆಟ್ ದುಬಾರಿ, ಮಾಮೂಲಿ ದಿನಗಳಲ್ಲಿ ಹೋದರೆ ಹೊರೆಯಾಗಲ್ಲ. ಮುಗಿಯುವ ಹೊತ್ತು ನೋಡಿಕೊಳ್ಳಿ. ಅನೇಕ ಹಾಸ್ಟೆಲುಗಳು ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುತ್ತವೆ.

ಯಾರಿಗೆ ಯಾವುದು

ಅಡುಗೆ ಬಾರದ, ಮೊದಲ ವರ್ಷದ ಸಸ್ಯಾಹಾರಿಗೆ: ಆರು ತಿಂಗಳು ಮೆಸ್, ತಿಂಗಳ ಲೆಕ್ಕದಲ್ಲಿ. ಅಷ್ಟರೊಳಗೆ ರೂಮ್‌ಮೇಟ್ ಹತ್ತಿರ ಅನ್ನ, ಸಾರು, ಉಪ್ಪಿಟ್ಟು ಕಲಿತುಬಿಡಿ. ಎರಡನೇ ವರ್ಷ ಸ್ವಂತ ಅಡುಗೆಗೆ ಬನ್ನಿ.

ದುಡ್ಡು ಬಿಗಿ ಇರುವವರಿಗೆ: ಗುಂಪಿನ ಅಡುಗೆ, ಮಧ್ಯಾಹ್ನಕ್ಕೆ ಡಬ್ಬಿ, ತಡವಾದ ದಿನ ಸ್ತಲೋವಯಾ, ಓದೋದಕ್ಕೆ ಲೈಬ್ರರಿ. ಇದರಲ್ಲಿ ಕಾಫಿ ಅಂಗಡಿಗೆ ಜಾಗವಿಲ್ಲ, ಆದರೆ ತಿಂಗಳಿಗೊಮ್ಮೆ ಜಾರ್ಜಿಯಾದ ಊಟಕ್ಕೆ ಜಾಗ ಇದೆ.

ಎಲ್ಲ ತಿನ್ನುವವರು, ಸಮಯ ಕಡಿಮೆ ಇರುವವರು ಮೆಸ್ ಹಿಡಿಯಲೇಬೇಡಿ. ಮಧ್ಯಾಹ್ನ ಸ್ತಲೋವಯಾ, ಸಂಜೆ ತತಾರ್ ತಿಂಡಿ ಅಥವಾ ಬಾಹೆತ್ಲೆಯ ಪೊಟ್ಟಣ, ರಜೆಯ ದಿನ ಮಾತ್ರ ಅಡುಗೆ. ಆಸ್ಪತ್ರೆಗಳಿಗೆ ಓಡಾಡುವ ಮೂರನೇ ವರ್ಷದ ನಂತರ ಬಹುತೇಕ ಎಲ್ಲರೂ ಈ ಪದ್ಧತಿಗೇ ಬರುತ್ತಾರೆ. ಹೊಸ ಆಸ್ಪತ್ರೆಗೆ ಹಾಕಿದ ದಿನವೇ 2ಜಿಐಎಸ್ ನಕ್ಷೆಯಲ್ಲಿ ಸುತ್ತಲಿನ ಸ್ತಲೋವಯಾ ಹುಡುಕಿಟ್ಟುಕೊಳ್ಳಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ.

ಯಾವ ದಾರಿ ಹಿಡಿದರೂ ಹೊಸ ವರ್ಷದ ರಜೆಗೆ ಮುಂಚಿತವಾಗಿ ಸಿದ್ಧರಾಗಿ. ಜನವರಿ 1ರಿಂದ 8ರ ತನಕ ದೇಶಕ್ಕೇ ರಜೆ. ವಿಶ್ವವಿದ್ಯಾಲಯದ ಕ್ಯಾಂಟೀನು ಇರಲ್ಲ, ಮೆಸ್ಸಿನವರೂ ಕೆಲವು ದಿನ ಬಾಗಿಲು ಹಾಕುವುದುಂಟು, ಲೈಬ್ರರಿಯ ಸಮಯ ಬದಲಾಗುತ್ತದೆ. ಅದೇ ಹೊತ್ತಿಗೆ ಚಳಿಗಾಲದ ಪರೀಕ್ಷೆಗಳು ಎದುರಿಗಿರುತ್ತವೆ. ಡಿಸೆಂಬರ್ 30ರೊಳಗೆ ಅಕ್ಕಿ, ಕೆಂಪು ಬೇಳೆ, ಮಾನ್ಕಾ, ಆಲೂಗಡ್ಡೆ, ಈರುಳ್ಳಿ, ಎಣ್ಣೆ, ಒಂದಷ್ಟು ಕತಿಕ್ ತಂದು ಫ್ರಿಜ್ಜಿನಲ್ಲಿ ನಿಮ್ಮ ಹೆಸರು ಬರೆದು ಇಟ್ಟುಬಿಡಿ.